ಜಿಮ್ನಿ, ತಾರ್, ಬೊಲೆರೊ: ನಿಮ್ಮ ಗಾಡಿಗೆ ಯಾವ ಕ್ಯಾರಿಯರ್?

ಹೋದ ತಿಂಗಳು ಅಕ್ಕನ ಮಗ ಫೋನ್ ಮಾಡಿದ್ದ. "ಮಾವ, ಗಾಡಿ ರೂಫಿನ ಮೇಲೆ ಸಾಮಾನಿಡೋಕೆ ಕ್ಯಾರಿಯರ್ ಹಾಕಿಸ್ಬೇಕು. ಮೂರು ಕಡೆ ಕೇಳಿದೆ, ಮೂವರೂ ಬೇರೆ ಬೇರೆ ಹೇಳ್ತಾರೆ. ಯಾವುದು ಹಾಕಿಸ್ಲಿ?"

ಅವನದು ಐದು ಬಾಗಿಲಿನ ಮಾರುತಿ ಜಿಮ್ನಿ. ಕೆಲಸ ಬೆಂಗಳೂರಿನಲ್ಲಿ. ತಿಂಗಳಿಗೊಮ್ಮೆ ಸಕಲೇಶಪುರದ ಹತ್ತಿರದ ನಮ್ಮ ಮನೆಗೆ ಬರುತ್ತಾನೆ, ವರ್ಷಕ್ಕೆ ಒಂದೆರಡು ಸಲ ದೂರದ ಪ್ರವಾಸ. ಆ ಗಾಡಿಯ ಡಿಕ್ಕಿ 208 ಲೀಟರ್ ಅಷ್ಟೇ. ನಾಲ್ಕು ಜನ ಕೂತರೆ ಎರಡು ಬ್ಯಾಗಿಗೆ ತುಂಬಿ ಹೋಗುತ್ತದೆ. ಹಾಗಾಗಿ ಅವನಿಗೆ ಕ್ಯಾರಿಯರ್ ಬೇಕು ಅನ್ನಿಸಿದ್ದು ಸರಿಯೇ. ಒಬ್ಬರು ವೆಲ್ಡಿಂಗ್ ಶಾಪಿನವರು ಕಬ್ಬಿಣದ ಪೈಪಿನಲ್ಲಿ ರೂಫ್ ತುಂಬಾ ಮಾಡಿಕೊಡುತ್ತೇನೆ ಅಂದಿದ್ದರು. ಆಕ್ಸೆಸರಿ ಅಂಗಡಿಯವರು ಎರಡು ಅಡ್ಡ ಬಾರ್ ಮತ್ತು ಒಂದು ಬುಟ್ಟಿ ತೋರಿಸಿದ್ದರು. ಮೂರನೆಯವರು ಅಲ್ಯೂಮಿನಿಯಂ ಪ್ಲಾಟ್‌ಫಾರ್ಮಿಗೆ ರೇಟು ಕೊಟ್ಟಿದ್ದರು.

ಇದೇ ಪ್ರಶ್ನೆ ಇಟ್ಟುಕೊಂಡು ಕೂತಿರುವವರು ಬಹಳ ಜನ ಇದ್ದಾರೆ. ಎಲ್ಲರೂ ಮೊದಲು ಕ್ಯಾರಿಯರ್ ನೋಡುತ್ತಾರೆ, ಆಮೇಲೆ ರೇಟು ನೋಡುತ್ತಾರೆ. ರೂಫನ್ನು ಯಾರೂ ನೋಡುವುದಿಲ್ಲ. ನಾನು ಹೇಳುವುದು ಇಷ್ಟೇ: ರೂಫಿನಿಂದ ಶುರು ಮಾಡಿ. ಅದು ಎಷ್ಟು ಹೊರುತ್ತದೆ, ಕ್ಯಾರಿಯರನ್ನು ಎಲ್ಲಿ ಹಿಡಿದುಕೊಳ್ಳುತ್ತದೆ ಅನ್ನುವ ಎರಡು ವಿಷಯ ಗೊತ್ತಾದರೆ ಮೂರರಲ್ಲಿ ಎರಡು ಆಯ್ಕೆ ತಾವಾಗಿಯೇ ಬಿದ್ದು ಹೋಗುತ್ತವೆ.

ಎಷ್ಟು ಹೊರುತ್ತದೆ?

ಗಾಡಿಯ ಜೊತೆ ಬಂದ ಮ್ಯಾನ್ಯುಯಲ್ ತೆಗೆದು ರೂಫ್ ಲೋಡ್ ಎಷ್ಟು ಅಂತ ಹುಡುಕಿ. ದೊಡ್ಡ ಎಸ್‌ಯುವಿಗಳಲ್ಲಿ 75ರಿಂದ 100 ಕೆಜಿ ಇರುವುದು ಸಾಮಾನ್ಯ. ಚಿಕ್ಕ ಗಾಡಿಗಳಲ್ಲಿ ಬಹಳ ಕಡಿಮೆ. ಮೂರು ಬಾಗಿಲಿನ ಜಿಮ್ನಿಗೆ ಹೊರದೇಶಗಳಲ್ಲಿ ಕೊಟ್ಟಿರುವ ಮಿತಿ ಬರೀ 30 ಕೆಜಿ. ಈ ಮಿತಿಯೊಳಗೆ ಕ್ಯಾರಿಯರಿನ ತೂಕವೂ ಸೇರುತ್ತದೆ ಅನ್ನುವುದನ್ನು ಮರೆಯಬೇಡಿ. 30ರಲ್ಲಿ ಕ್ಯಾರಿಯರ್ ಕಳೆದು ಉಳಿದದ್ದು ಮಾತ್ರ ನಿಮ್ಮ ಸಾಮಾನಿಗೆ.

ಕಬ್ಬಿಣದ ಕ್ಯಾರಿಯರ್ ಎಷ್ಟು ತೂಗುತ್ತದೆ ಅಂತ ಮಾಡಿಸುವ ಮೊದಲೇ ಲೆಕ್ಕ ಹಾಕಬಹುದು. ಒಂದು ಇಂಚಿನ, 1.6 ಎಂಎಂ ದಪ್ಪದ ದುಂಡು ಎಂಎಸ್ (ಮೈಲ್ಡ್ ಸ್ಟೀಲ್) ಪೈಪು ಮೀಟರಿಗೆ ಸುಮಾರು 940 ಗ್ರಾಂ ಬರುತ್ತದೆ. ಜಿಮ್ನಿಯಂಥ ಗಾಡಿಗೆ 1.6 ಮೀಟರ್ ಉದ್ದ, 1.1 ಮೀಟರ್ ಅಗಲದ ಕ್ಯಾರಿಯರ್ ಅಂದುಕೊಳ್ಳಿ. ಕೆಳಗೊಂದು ಸುತ್ತು, ಮೇಲೊಂದು ಸುತ್ತು ಸೇರಿ 10.8 ಮೀಟರ್. ಅಡ್ಡಕ್ಕೆ ಎಂಟು ಪೈಪು ಅಂದರೆ 8.8 ಮೀಟರ್. ಗೂಟ, ಕಾಲು ಎಲ್ಲ ಸೇರಿ ಇನ್ನೆರಡು ಮೂರು ಮೀಟರ್. ಒಟ್ಟು 22 ಮೀಟರ್ ಪೈಪು, ಅಂದರೆ 20 ಕೆಜಿ ದಾಟಿತು. ಕ್ಲಾಂಪು, ಬೋಲ್ಟು, ಜಾಲರಿ ಸೇರಿದರೆ 28 ಕೆಜಿ ಆಗುವುದು ಕಷ್ಟವಲ್ಲ. 30 ಕೆಜಿ ಮಿತಿ ಇರುವ ರೂಫಿನ ಮೇಲೆ ಇದನ್ನು ಕೂರಿಸಿದರೆ ಉಳಿಯುವುದು ಎರಡು ಕೆಜಿ. ಒಂದು ಹಲಸಿನ ಹಣ್ಣನ್ನೂ ಇಡುವ ಹಾಗಿಲ್ಲ!

ಇದು ಟಾರ್ ರೋಡಿನ ಲೆಕ್ಕ. ಕಲ್ಲು ಗುಂಡಿಯ ದಾರಿಯಲ್ಲಿ ಗಾಡಿ ಎಗರಿ ಬಿದ್ದಾಗ ಮೇಲಿನ ಭಾರ ಹಲವು ಪಟ್ಟು ಜೋರಾಗಿ ಬಡಿಯುತ್ತದೆ. ಅದಕ್ಕೇ ಆಸ್ಟ್ರೇಲಿಯಾದ ರೈನೊ ರ‍್ಯಾಕ್‌ನಂಥ ಕಂಪನಿಗಳು ಆಫ್ ರೋಡ್ ಹೋಗುವವರಿಗೆ ಮಿತಿಯನ್ನು 1.5ರಿಂದ ಭಾಗಿಸಿ ಅನ್ನುತ್ತವೆ. 75 ಕೆಜಿ ಇದ್ದದ್ದು 50 ಆಗುತ್ತದೆ, 30 ಇದ್ದದ್ದು 20.

ಇನ್ನೊಂದು ಮಿತಿ ಇಡೀ ಗಾಡಿಯದು. ಐದು ಬಾಗಿಲಿನ ಜಿಮ್ನಿಯ ಖಾಲಿ ತೂಕ ಸುಮಾರು 1,200 ಕೆಜಿ. ಜನ, ಸಾಮಾನು ಎಲ್ಲ ಸೇರಿ 1,545 ಕೆಜಿ ದಾಟಬಾರದು. ನಡುವೆ ಸಿಗುವುದು 345 ಕೆಜಿ. ತಲಾ 70 ಕೆಜಿಯ ನಾಲ್ಕು ಜನ ಕೂತರೆ 280 ಹೋಯಿತು. ಉಳಿದ 65 ಕೆಜಿಯಲ್ಲೇ ಡಿಕ್ಕಿಯ ಬ್ಯಾಗು, ನೀರಿನ ಕ್ಯಾನು, ಕ್ಯಾರಿಯರ್, ಕ್ಯಾರಿಯರಿನ ಮೇಲಿನದು ಎಲ್ಲ ಬರಬೇಕು. ಜಾಗ ಸಿಕ್ಕಿತು ಅಂತ ತೂಕ ಹೆಚ್ಚು ಹೊರಲು ಆಗುವುದಿಲ್ಲ, ಅಲ್ವಾ?

ರೂಫ್ ಟೆಂಟ್ ಆಸೆ ಇರುವವರು ಈ ಭಾಗವನ್ನು ಎರಡು ಸಲ ಓದಿ. ಇಂಥ ಟೆಂಟು 50ರಿಂದ 70 ಕೆಜಿ ತೂಗುತ್ತದೆ. ಗಾಡಿ ನಿಂತಿದ್ದಾಗ ರೂಫ್ ಇದಕ್ಕಿಂತ ಎಷ್ಟೋ ಹೆಚ್ಚು ತಡೆಯುತ್ತದೆ, ರಾತ್ರಿ ಇಬ್ಬರು ಮೇಲೆ ಮಲಗುವುದಕ್ಕೆ ತೊಂದರೆಯಿಲ್ಲ. ಪ್ರಶ್ನೆ ಇರುವುದು ಮಲಗುವ ಜಾಗದವರೆಗೆ ಅದನ್ನು ಹೊತ್ತುಕೊಂಡು ಓಡುವುದರಲ್ಲಿ. ಮ್ಯಾನ್ಯುಯಲ್‌ನಲ್ಲಿ ಬರೆದಿರುವುದು ಓಡುವಾಗಿನ ಮಿತಿ.

ಎಲ್ಲಿ ಹಿಡಿದುಕೊಳ್ಳುತ್ತದೆ?

ಹಳೆಯ ಅಂಬಾಸಿಡರ್, ಸುಮೋ ನೆನಪಿಸಿಕೊಳ್ಳಿ. ರೂಫಿನ ಎರಡೂ ಬದಿಗೆ ಮಳೆನೀರು ಹರಿದು ಹೋಗಲು ಒಂದು ಗಟರ್ ಇರುತ್ತಿತ್ತು, ನಾವು ಮಾಡಿನ ಅಂಚಿಗೆ ಅಡಿಕೆ ದಬ್ಬೆ ಕಟ್ಟುತ್ತೇವಲ್ಲ, ಹಾಗೆ. ಆ ಗಟರಿಗೆ ಕ್ಲಾಂಪು ಹಾಕಿ ಬಿಗಿದರೆ ಕ್ಯಾರಿಯರ್ ರೆಡಿ. ಈಗಿನ ಗಾಡಿಗಳಲ್ಲಿ ಗಟರ್ ಅಪರೂಪ. ಜಿಮ್ನಿಯಲ್ಲಿ ಇದೆ, ಅದೊಂದು ದೊಡ್ಡ ಅನುಕೂಲ. ರೂಫಿನಲ್ಲಿ ತೂತು ಕೊರೆಯಬೇಕಿಲ್ಲ, ಬೇಡವೆಂದ ದಿನ ಬಿಚ್ಚಿಡಬಹುದು.

ಡಸ್ಟರ್, ಸ್ಕಾರ್ಪಿಯೊ, ಫಾರ್ಚೂನರ್‌ಗಳಲ್ಲಿ ಉದ್ದಕ್ಕೆ ಎರಡು ರೂಫ್ ರೈಲು ಇರುತ್ತವೆ. ಇವುಗಳಿಗೆ ಅಡ್ಡ ಬಾರ್ ಸುಲಭವಾಗಿ ಕೂರುತ್ತದೆ. ಆದರೆ ನಿಮ್ಮ ಮಾದರಿಯ ರೈಲು ಭಾರ ಹೊರುವುದೋ ಅಥವಾ ಅಂದಕ್ಕೆ ಅಂಟಿಸಿದ್ದೋ ಅಂತ ಶೋರೂಮಿನಲ್ಲಿ ಕೇಳಿ. ಕೈಯಲ್ಲಿ ಅಲ್ಲಾಡಿಸಿದಾಗ ಪ್ಲಾಸ್ಟಿಕ್ಕಿನಂತೆ ಬಾಗಿದರೆ ಅದಕ್ಕೆ ಬಾರ್ ಕಟ್ಟಬೇಡಿ.

ತಾರ್ ಕಥೆ ಬೇರೆ. 2020ರ ನಂತರದ ಮೂರು ಬಾಗಿಲಿನ ತಾರ್‌ನ ಹಾರ್ಡ್ ಟಾಪ್ ಕಬ್ಬಿಣದ್ದಲ್ಲ, ಫೈಬರಿನದು. ಭಾರ ನೇರವಾಗಿ ಟಾಪ್ ಮೇಲೆ ಕೂರುವ ಕ್ಯಾರಿಯರ್ ಅದಕ್ಕೆ ಒಳ್ಳೆಯದಲ್ಲ. ಕಾಲುಗಳು ಟಾಪನ್ನು ಬಿಟ್ಟು ಮುಂದೆ ಗಾಜಿನ ಫ್ರೇಮಿಗೆ, ಹಿಂದೆ ಗಾಡಿಯ ಮೈಗೆ ಇಳಿದು ಬೋಲ್ಟ್ ಆಗುವಂಥದ್ದು ಬೇಕು. ಅಂಥದ್ದು ತೂಕ ಜಾಸ್ತಿ, ರೇಟೂ ಜಾಸ್ತಿ. ಬಟ್ಟೆ ಟಾಪಿನ ತಾರ್ ಇದ್ದರೂ ಇದೊಂದೇ ದಾರಿ, ಟಾಪ್ ಮಡಚುವ ಸುಖ ಮಾತ್ರ ಹೋಗುತ್ತದೆ. ಐದು ಬಾಗಿಲಿನ ರಾಕ್ಸ್‌ಗೆ ಲೋಹದ ರೂಫ್ ಇದೆ, ಆದರೆ ಮೇಲಿನ ವೇರಿಯೆಂಟ್‌ಗಳಲ್ಲಿ ದೊಡ್ಡ ಸನ್‌ರೂಫ್ ಇರುವುದರಿಂದ ಕ್ಯಾರಿಯರ್ ಹಾಕಿದರೆ ಆ ಗಾಜಿಗೆ ಕೊಟ್ಟ ದುಡ್ಡು ಮುಚ್ಚಿಹೋಗುತ್ತದೆ. ತಾರ್‌ನಲ್ಲಿ ಹಿಂದಿನ ಗಾಜು ಮೇಲಕ್ಕೆ ತೆರೆಯುತ್ತದೆ, ಫಾರ್ಚೂನರ್‌ನಲ್ಲಿ ಇಡೀ ಬಾಗಿಲೇ ಮೇಲೇಳುತ್ತದೆ. ಕ್ಯಾರಿಯರಿನ ಹಿಂಬದಿ ಇವಕ್ಕೆ ತಾಗುತ್ತದಾ ಅಂತ ಬಿಗಿಯುವ ಮೊದಲೇ ತೆರೆದು ನೋಡಿಸಿ.

ಹಿಡಿತದ ವಿಷಯವನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ಹಿಂದೆ ನನ್ನ ಹತ್ತಿರ ಇದ್ದ ಬೊಲೆರೊಗೆ ಒಂದು ವೆಲ್ಡಿಂಗ್ ಶಾಪಿನಲ್ಲಿ ಕ್ಯಾರಿಯರ್ ಮಾಡಿಸಿದ್ದೆ. ಗಟ್ಟಿಯಾಗಿತ್ತು, ನೋಡಲೂ ಚೆನ್ನಾಗಿತ್ತು. ಕ್ಲಾಂಪಿನ ಒಳಗೆ ರಬ್ಬರ್ ಹಾಕಿರಲಿಲ್ಲ. ತೋಟದ ದಾರಿಯಲ್ಲಿ ದಿನಾ ಕುಲುಕಿ ಕುಲುಕಿ ಕಬ್ಬಿಣ ಕಬ್ಬಿಣಕ್ಕೆ ಉಜ್ಜಿತು. ಗಟರಿನ ಪೇಂಟು ಹೋಯಿತು. ಅದರ ಮೇಲೆ ಸಿಲ್ವರ್ ಓಕಿನ ಎಲೆ ಕೂತು ಜೂನ್ ತಿಂಗಳಿಡೀ ಒದ್ದೆಯಾಗಿಯೇ ಇತ್ತು. ಎರಡನೇ ಮಳೆಗಾಲದಲ್ಲಿ ಒಳಗಿನ ರೂಫ್ ಬಟ್ಟೆಯ ಮೇಲೆ ಕಂದು ಕಲೆ ಕಾಣಿಸಿತು. ಬಿಚ್ಚಿ ನೋಡಿದಾಗ ಗಟರಿನಲ್ಲಿ ನಾಲ್ಕು ಕಡೆ ತುಕ್ಕು ತಿಂದು ತೂತು ಬಿದ್ದಿತ್ತು. ಕ್ಯಾರಿಯರಿಗೆ ಕೊಟ್ಟದ್ದಕ್ಕಿಂತ ಹೆಚ್ಚು ಟಿಂಕರಿಂಗು, ಪೇಂಟಿಂಗಿಗೆ ಕೊಟ್ಟೆ. ನಾಲ್ಕು ತುಂಡು ಸೈಕಲ್ ಟ್ಯೂಬ್ ಇದ್ದಿದ್ದರೆ ಅಷ್ಟೂ ಉಳಿಯುತ್ತಿತ್ತು.

ಎತ್ತರ, ಕೊಂಬೆ, ಕಾನೂನು

ಮನೆಯ, ಆಫೀಸಿನ ಬೇಸ್‌ಮೆಂಟಿನ ಬಾಗಿಲಲ್ಲಿ ಎತ್ತರದ ಬೋರ್ಡ್ ನೋಡಿ. ಬೆಂಗಳೂರಿನ ಮಾಲ್, ಅಪಾರ್ಟ್‌ಮೆಂಟುಗಳಲ್ಲಿ 2.1 ಮೀಟರ್ ಬಹಳ ಕಡೆ ಕಾಣುತ್ತದೆ. ಜಿಮ್ನಿ 1.72 ಮೀಟರ್, ತಾರ್ ಸುಮಾರು 1.85. ಇವೆರಡಕ್ಕೂ ಜಾಗ ಇದೆ. ಫೋರ್ಸ್ ಗೂರ್ಖಾ ಬರಿದಾಗಿಯೇ 2.07 ಮೀಟರ್ ದಾಟುತ್ತದೆ. ಅದಕ್ಕೆ ಕ್ಯಾರಿಯರ್ ಹಾಕಿದರೆ ಗಾಡಿ ರಸ್ತೆಯಲ್ಲೇ ನಿಲ್ಲಬೇಕಾಗುತ್ತದೆ.

ತೋಟದ ದಾರಿ, ಕಾಡಿನಂಚಿನ ದಾರಿಯಲ್ಲಿ ಓಡಾಡುವವರಿಗೆ ಎತ್ತರಕ್ಕಿಂತ ಆಕಾರ ಮುಖ್ಯ. ಸುತ್ತ ಎದ್ದು ನಿಂತ ಕಂಬಿಗಳಿದ್ದರೆ ಬಿದಿರಿನ ಮೆಳೆ, ಬಗ್ಗಿದ ಕೊಂಬೆ ಸಿಕ್ಕಿಹಾಕಿಕೊಳ್ಳುತ್ತವೆ. ಚಪ್ಪಟೆ ಕ್ಯಾರಿಯರಿನ ಮೇಲೆ ಜಾರಿ ಹೋಗುತ್ತವೆ. ಮೇಲೆ ಭಾರ ಇದ್ದಾಗ ಪಕ್ಕಕ್ಕೆ ವಾಲುವ ಇಳಿಜಾರಿನಲ್ಲಿ ಗಾಡಿ ಬೇಗ ಮಗುಚುತ್ತದೆ ಅನ್ನುವುದೂ ನೆನಪಿರಲಿ. ಇಂಥ ಗಾಡಿಗಳಿಗೆ ಮೊದಲೇ ಎತ್ತರ ಹೆಚ್ಚು, ಅಗಲ ಕಡಿಮೆ. ಕ್ಯಾನು, ಜಾಕಿ, ಟೂಲ್ ಬಾಕ್ಸಿನಂಥ ಗಟ್ಟಿ ತೂಕದ ಸಾಮಾನು ಯಾವಾಗಲೂ ಒಳಗೆ, ಕೆಳಗೆ ಇರಬೇಕು. ಟೆಂಟು, ಚಾಪೆ, ಮಲಗುವ ಚೀಲದಂಥ ಹಗುರ ಸಾಮಾನು ಮೇಲೆ.

ಕಾನೂನಿನ ಬಗ್ಗೆ ಎರಡು ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಕಂಪನಿ ಕೊಟ್ಟ ವಿವರಕ್ಕೆ ಆರ್‌ಸಿ ವಿವರ ಹೊಂದದಂತೆ ಗಾಡಿಯನ್ನು ಬದಲಾಯಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಗಿಯಾಗಿ ಹೇಳಿತು. ಹಾಗಾಗಿ ರೂಫಿಗೆ ವೆಲ್ಡ್ ಮಾಡುವುದು, ಬಾಡಿ ಕೊರೆಯುವುದು ಬೇಡವೇ ಬೇಡ. ಬೋಲ್ಟ್ ಬಿಚ್ಚಿ ತೆಗೆಯುವಂಥದ್ದನ್ನೇ ಆರಿಸಿ, ಹಾಕಿಸುವ ಮೊದಲು ನಿಮ್ಮ ಆರ್‌ಟಿಒದಲ್ಲಿ ವಿಚಾರಿಸಿ, ಇನ್ಶೂರೆನ್ಸ್ ಕಂಪನಿಗೂ ತಿಳಿಸಿ. ಸಾಮಾನು ಗಾಡಿಯ ಪಕ್ಕಕ್ಕೆ, ಮುಂದಕ್ಕೆ, ಹಿಂದಕ್ಕೆ ಚಾಚಿಕೊಂಡಿದ್ದರೆ 2019ರಲ್ಲಿ ತಿದ್ದುಪಡಿಯಾದ ಕಾಯ್ದೆಯಲ್ಲಿ ಬರೆದಿರುವ ದಂಡ 20,000 ರೂಪಾಯಿ. ಕ್ಯಾರಿಯರಿನ ಮುಂದೆ ಎಲ್‌ಇಡಿ ಪಟ್ಟಿ ಹಾಕಿಸುವ ಆಸೆ ಇದ್ದರೆ ಇದನ್ನೂ ತಿಳಿದಿರಿ: ಎದುರಿನವರ ಕಣ್ಣು ಕುಕ್ಕುವ ದೀಪಗಳ ಮೇಲೆ ಕರ್ನಾಟಕ ಪೊಲೀಸರು 2024ರ ಜುಲೈಯಿಂದ ಕೇಸು ಹಾಕತೊಡಗಿದ್ದಾರೆ. ರಾತ್ರಿ ಶಿರಾಡಿ ಘಾಟಿಯಲ್ಲಿ ಅಂಥ ದೀಪ ಎದುರಾದರೆ ಏನಾಗುತ್ತದೆ ಅಂತ ಆ ದಾರಿಯಲ್ಲಿ ಓಡಾಡುವ ನಮಗೆ ಚೆನ್ನಾಗಿ ಗೊತ್ತು. ದಯವಿಟ್ಟು ಹಾಕಿಸಬೇಡಿ.

ಈಗ ಒಂದೊಂದಾಗಿ

ಎರಡು ಅಡ್ಡ ಬಾರ್. ಎಲ್ಲಕ್ಕಿಂತ ಹಗುರ. ಅಲ್ಯೂಮಿನಿಯಂ ಬಾರ್ ಜೋಡಿ ಐದಾರು ಕೆಜಿ ಇರುತ್ತದೆ. 30 ಕೆಜಿಯ ರೂಫಿನಲ್ಲೂ 24 ಕೆಜಿ ನಿಮಗೆ ಉಳಿಯುತ್ತದೆ. ಮೆಣಸು ಕೊಯ್ಯುವ ಏಣಿ, ಪೈಪು, ಸೈಕಲ್ಲು, ಮೆದು ಬ್ಯಾಗು ಇಷ್ಟಕ್ಕೆ ಸಾಕು. ಹತ್ತು ನಿಮಿಷದಲ್ಲಿ ಬಿಚ್ಚಿ ಅಟ್ಟಕ್ಕೆ ಹಾಕಬಹುದು, ಆಗ ಮೈಲೇಜೂ ಮೊದಲಿನಂತೆ. ಸ್ವೀಡನ್ನಿನ ಥೂಲೆಯಂಥ ಹೆಸರಾದ ಕಂಪನಿಯ ಬಾರ್ ತಗೊಂಡರೆ ಗಾಡಿಯ ಮಾದರಿಗೆ ತಕ್ಕ ಕಾಲುಗಳೇ ಸಿಗುತ್ತವೆ, ಬೀಗ ಇರುತ್ತದೆ, ಎಷ್ಟು ಭಾರ ತಡೆಯುತ್ತದೆ ಅಂತ ಬರೆದೇ ಕೊಟ್ಟಿರುತ್ತಾರೆ. ರೇಟು ಮಾತ್ರ ಎರಡು ಬಾರ್‌ಗೆ ಇಷ್ಟೊಂದಾ ಅನ್ನಿಸುವಷ್ಟು. ನಮ್ಮಲ್ಲೇ ತಯಾರಾದವು ಅದರ ಅರ್ಧಕ್ಕೂ ಕಡಿಮೆಗೆ ಸಿಗುತ್ತವೆ, ಅವುಗಳಲ್ಲಿ ಕಾಲಿನ ಕ್ಲಾಂಪು, ರಬ್ಬರು ಹೇಗಿದೆ ಅಂತ ನೀವೇ ನೋಡಬೇಕು.

ಬಾರ್‌ಗಳ ಕೊರತೆ ಎರಡು. ಚಿಕ್ಕ ಸಾಮಾನು ನಿಲ್ಲುವುದಿಲ್ಲ, ಎಲ್ಲವನ್ನೂ ಒಂದು ಚೀಲದಲ್ಲಿ ತುಂಬಿ ಕಟ್ಟಬೇಕು. ಇನ್ನೊಂದು ಶಬ್ದ. ಚೌಕ ಅಥವಾ ದುಂಡು ಬಾರ್ ಗಾಡಿಯ ವೇಗ 80 ದಾಟಿದ ಮೇಲೆ ಸಿಳ್ಳೆ ಹಾಕತೊಡಗುತ್ತದೆ. ವಿಮಾನದ ರೆಕ್ಕೆಯ ಆಕಾರದ ಬಾರ್‌ನಲ್ಲಿ ಶಬ್ದ ಬಹಳ ಕಡಿಮೆ. ಇದ್ದದ್ದು ಚೌಕ ಬಾರ್ ಆದರೆ ಅದರ ಸುತ್ತ ಒಂದು ತೆಳು ಹಗ್ಗವನ್ನು ಅಂತರ ಬಿಟ್ಟು ಬಳ್ಳಿ ಹಬ್ಬಿದ ಹಾಗೆ ಸುತ್ತಿ ಕಟ್ಟಿ. ಗಾಳಿ ಒಂದೇ ಲಯದಲ್ಲಿ ಸುಳಿಯುವುದು ತಪ್ಪುತ್ತದೆ, ಸಿಳ್ಳೆ ನಿಲ್ಲುತ್ತದೆ.

ಬಾರ್ ಮೇಲೆ ಬುಟ್ಟಿ. ಊರಿಗೆ ಹೋಗುವಾಗ ಎರಡು ಸೂಟ್‌ಕೇಸು, ಬರುವಾಗ ಬಾಳೆಗೊನೆ, ತೆಂಗಿನಕಾಯಿ ಚೀಲ ಅನ್ನುವ ಮನೆಗಳಿಗೆ ಇದು ಹಿಡಿಸುತ್ತದೆ. ಸಾಮಾನು ಅಂಚಿನಿಂದ ಜಾರುವ ಭಯ ಇಲ್ಲ. ಆದರೆ ಬುಟ್ಟಿಯೇ ಹತ್ತು ಹದಿನೈದು ಕೆಜಿ ಆಗುತ್ತದೆ. ರೈಲು ಇರುವ ದೊಡ್ಡ ಗಾಡಿಗೆ ಅಡ್ಡಿಯಿಲ್ಲ, ಜಿಮ್ನಿಗೆ ಅದು ಭಾರವೇ. ಅಂಗಡಿಯಲ್ಲಿ ಬುಟ್ಟಿಯನ್ನು ಬಾರ್‌ಗೆ ಹಿಡಿಸುವ ಯು ಆಕಾರದ ಬೋಲ್ಟ್ ಮತ್ತು ಪಟ್ಟಿಯನ್ನು ನೋಡಿ. ಬುಟ್ಟಿ ಎಷ್ಟೇ ಗಟ್ಟಿ ಇದ್ದರೂ ಪಟ್ಟಿ ತಗಡಿನಂತಿದ್ದರೆ ಗುಂಡಿ ದಾರಿಯಲ್ಲಿ ಬಾಗುತ್ತದೆ. ಗಾಳಿಗೆ ಅತಿ ಹೆಚ್ಚು ಅಡ್ಡ ಬರುವುದೂ ತುಂಬಿದ ಬುಟ್ಟಿಯೇ.

ವೆಲ್ಡಿಂಗ್ ಶಾಪಿನ ಕ್ಯಾರಿಯರ್. ನನ್ನ ಬೊಲೆರೊ ಕಥೆ ಕೇಳಿ ಇದು ಬೇಡ ಅಂತ ನಿರ್ಧರಿಸಬೇಡಿ. ಗಟ್ಟಿ ಗಾಡಿ, ಗಟ್ಟಿ ಗಟರ್ ಇದ್ದರೆ, ದಿನಾ ಕೆಲಸ ಮಾಡುವ ಗಾಡಿಯಾದರೆ ಇದರಷ್ಟು ಉಪಯೋಗದ್ದು ಇನ್ನೊಂದಿಲ್ಲ. ಬೇಕಾದ ಅಳತೆಗೆ ಮಾಡುತ್ತಾರೆ. ಮುರಿದರೆ ಯಾವ ಹಳ್ಳಿಯಲ್ಲಾದರೂ ವೆಲ್ಡ್ ಮಾಡಿಸಬಹುದು, ಅಲ್ಯೂಮಿನಿಯಂ ಆದರೆ ಅದು ಆಗದ ಮಾತು. ಹತ್ತು ಹದಿನೈದು ಸಾವಿರದೊಳಗೆ ಕೆಲಸ ಮುಗಿಯುತ್ತದೆ. ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್) ಪೈಪಿನಲ್ಲಿ ಮಾಡಿಸಿದರೆ ರೇಟು ಏರುತ್ತದೆ, ಆದರೆ ಮಂಗಳೂರು, ಕಾರವಾರದ ಉಪ್ಪುಗಾಳಿಯಲ್ಲಿ ಇರುವವರಿಗೆ ಆ ಹೆಚ್ಚಿನ ದುಡ್ಡು ವಸೂಲಾಗುತ್ತದೆ. ತೂಕ ಮಾತ್ರ ಎಂಎಸ್‌ನಷ್ಟೇ.

ಮಾಡಿಸುವವರು ಎದುರಿಗೆ ನಿಂತು ಹೇಳಬೇಕಾದ ಮಾತುಗಳಿವೆ. ಪೈಪಿನ ಬಾಯಿ ಎಲ್ಲವೂ ವೆಲ್ಡ್ ಆಗಿ ಮುಚ್ಚಿರಬೇಕು, ಇಲ್ಲದಿದ್ದರೆ ನೀರು ಒಳಗೆ ನಿಂತು ಒಳಗಿನಿಂದಲೇ ತುಕ್ಕು ತಿನ್ನುತ್ತದೆ. ವೆಲ್ಡಿನ ಕಿಟ್ಟ ಪೂರ್ತಿ ಉಜ್ಜಿ ತೆಗೆದ ಮೇಲೆ ರೆಡ್ ಆಕ್ಸೈಡ್, ಅದು ಒಣಗಿದ ಮೇಲೆ ಪೇಂಟು. ಅವಸರಕ್ಕೆ ಕಿಟ್ಟದ ಮೇಲೆಯೇ ಬಳಿದರೆ ಮೊದಲ ಮಳೆಗೇ ಸಿಪ್ಪೆ ಏಳುತ್ತದೆ. ಹತ್ತಿರದಲ್ಲಿ ಪೌಡರ್ ಕೋಟಿಂಗ್ ಮಾಡುವವರಿದ್ದರೆ ಇನ್ನೂ ಒಳ್ಳೆಯದು. ಬದಿಗೆ ಎರಡೆರಡು ಕಾಲಿನ ಬದಲು ಮೂರು ಮೂರು ಕಾಲು ಕೊಡಿಸಿ, ಭಾರ ಹಂಚಿಹೋಗುತ್ತದೆ. ಕ್ಲಾಂಪಿಗೆ ರಬ್ಬರು. ಸುಮ್ನೆ ಅಂದಕ್ಕೆ ಹಾಕುವ ಜಾಲರಿ, ಚೆಕರ್ಡ್ ಶೀಟು (ಉಬ್ಬು ಗೆರೆಯ ತಗಡು) ಬೇಡ ಅನ್ನಿ, ಏಳೆಂಟು ಕೆಜಿ ಅಲ್ಲೇ ಉಳಿಯುತ್ತದೆ.

ಅಲ್ಯೂಮಿನಿಯಂ ಪ್ಲಾಟ್‌ಫಾರ್ಮ್. ನನಗೆ ತುಂಬಾ ಇಷ್ಟವಾದದ್ದು ಇದು. ಹಲಗೆಯಂತೆ ಚಪ್ಪಟೆ, ಕೊಂಬೆಗೆ ಸಿಗುವುದಿಲ್ಲ, ಗಾಳಿಗೂ ಅಡ್ಡಿ ಕಡಿಮೆ. ಪಟ್ಟಿಗಳಲ್ಲಿ ಉದ್ದಕ್ಕೂ ಸೀಳು ಇರುತ್ತದೆ, ಅದರಲ್ಲಿ ಬೋಲ್ಟ್ ಜಾರಿಸಿ ಎಲ್ಲಿ ಬೇಕೋ ಅಲ್ಲಿ ಕೊಂಡಿ ಹಾಕಬಹುದು. ಪಕ್ಕಕ್ಕೆ ಮಳೆಯ ಚಪ್ಪರ, ಸಲಿಕೆ, ಮರಳಿನಲ್ಲಿ ಹೂತಾಗ ಹಾಕುವ ಹಲಗೆ ಯಾವುದನ್ನು ಬೇಕಾದರೂ ಆಮೇಲೆ ಸೇರಿಸಬಹುದು. ಎಲ್ಲ ಬಿಡಿ ಭಾಗ, ಒಂದು ಪಟ್ಟಿ ಹಾಳಾದರೆ ಅದೊಂದನ್ನೇ ಬದಲಾಯಿಸಬಹುದು. ದಕ್ಷಿಣ ಆಫ್ರಿಕಾದ ಫ್ರಂಟ್ ರನ್ನರ್ ಈ ಬಗೆಗೆ ಹೆಸರುವಾಸಿ. ಹೊರದೇಶದ್ದು ಇಲ್ಲಿಗೆ ಬರುವಷ್ಟರಲ್ಲಿ ಲಕ್ಷದ ಮಾತಾಗುತ್ತದೆ, ಇಲ್ಲಿ ತಯಾರಾದವು ಅದಕ್ಕಿಂತ ಬಹಳ ಕಡಿಮೆಗೆ ಸಿಗುತ್ತವೆ.

ಅಲ್ಯೂಮಿನಿಯಂ ಕಬ್ಬಿಣದ ಮೂರನೇ ಒಂದರಷ್ಟೇ ತೂಗುತ್ತದೆ ಅನ್ನುವುದು ನಿಜ. ಆದರೆ ಗಟ್ಟಿ ಬರಲು ಪಟ್ಟಿಯನ್ನು ದಪ್ಪ ಮಾಡಿರುತ್ತಾರೆ. ರೂಫ್ ತುಂಬಾ ಕೂರುವ ಪ್ಲಾಟ್‌ಫಾರ್ಮ್ ಕಾಲು ಸೇರಿ 20 ಕೆಜಿ ದಾಟುವುದು ಸಾಮಾನ್ಯ. ಆದ್ದರಿಂದ ಚಿಕ್ಕ ರೂಫಿಗೆ ಅರ್ಧ ಉದ್ದದ್ದು ಕೇಳಿ. ಮತ್ತೊಂದು, ಕರಾವಳಿಯವರಿಗೆ: ಅಲ್ಯೂಮಿನಿಯಂ ಮತ್ತು ಕಬ್ಬಿಣ ಒಂದನ್ನೊಂದು ಮುಟ್ಟಿಕೊಂಡು ಉಪ್ಪುನೀರಿನಲ್ಲಿ ನೆನೆದರೆ ಅಲ್ಯೂಮಿನಿಯಂ ಬೆಳ್ಳಗೆ ಪುಡಿಯಾಗಿ ಉದುರುತ್ತದೆ. ಎರಡರ ನಡುವೆ ನೈಲಾನ್ ವಾಷರ್ ಇರಬೇಕು, ಬೋಲ್ಟಿಗೆ ಗ್ರೀಸ್ ಹಚ್ಚಿರಬೇಕು.

ಕಂಪನಿಯ ಆಕ್ಸೆಸರಿ. ಶೋರೂಮಿನಲ್ಲೇ ಹಾಕಿಕೊಡುವಂಥದ್ದು. ಅಳತೆಯ ತಲೆನೋವಿಲ್ಲ, ವಾರಂಟಿ, ಇನ್ಶೂರೆನ್ಸಿನ ಮಾತು ಸಲೀಸು. ಆಯ್ಕೆ ಮಾತ್ರ ಒಂದೋ ಎರಡೋ. ಹೊಸ ಗಾಡಿ ತಗೊಳ್ಳುವವರು ಬುಕ್ ಮಾಡುವಾಗಲೇ ಕೇಳಿ.

ಕ್ಯಾರಿಯರ್ ಇಲ್ಲದೆಯೂ ಆಗಬಹುದು. ವರ್ಷಕ್ಕೆ ಎರಡೇ ಸಲ ಬೇಕಾಗುವವರು ಹಿಂದಿನ ಸೀಟಿನ ಒಂದು ಅರ್ಧ ಮಡಚಿ ನೋಡಿ. ಇಬ್ಬರು ಮೂವರೇ ಹೋಗುವುದಾದರೆ ಅಷ್ಟೇ ಸಾಕಾಗಬಹುದು. ಲಡಾಖಿಗೆ ಹೋಗುವವರು ಪೆಟ್ರೋಲ್ ಕ್ಯಾನಿಗಾಗಿ ಕ್ಯಾರಿಯರ್ ಬೇಕು ಅನ್ನುತ್ತಾರೆ. ಮನಾಲಿಯಿಂದ ಲೇಹ್‌ಗೆ ಹೋಗುವ ದಾರಿಯ ತಾಂಡಿಯ ಬಂಕಿನಲ್ಲಿ ಮುಂದಿನ ಬಂಕು 365 ಕಿಲೋಮೀಟರ್ ಅನ್ನುವ ಬೋರ್ಡು ಎಲ್ಲರ ಫೋಟೋದಲ್ಲೂ ಇದೆ. ಜಿಮ್ನಿಯ ಟ್ಯಾಂಕು 40 ಲೀಟರ್. ಲೀಟರಿಗೆ 12 ಕಿಲೋಮೀಟರ್ ಕೊಟ್ಟರೂ 480 ಆಯಿತು. ತಾಂಡಿಯಲ್ಲಿ ಟ್ಯಾಂಕ್ ತುಂಬಿಸಿ ಹೊರಟರೆ ಕ್ಯಾನೇ ಬೇಡ. ಬಿಸಿಲಲ್ಲಿ ಕುದಿಯುವ ಪೆಟ್ರೋಲನ್ನು ತಲೆ ಮೇಲೆ ಹೊತ್ತುಕೊಂಡು ಹೋಗುವುದು ಅಪಾಯ.

ಯಾರಿಗೆ ಯಾವುದು?

ತೋಟದ ಕೆಲಸಕ್ಕೆ ಬೊಲೆರೊ, ಹಳೆಯ ಜೀಪು ಇಟ್ಟುಕೊಂಡಿರುವವರಿಗೆ ವೆಲ್ಡಿಂಗ್ ಶಾಪಿನದೇ ಸರಿ, ಮೇಲೆ ಹೇಳಿದಂತೆ ಮಾಡಿಸಿದರೆ. ಆದರೆ ಕಾಫಿ ಮೂಟೆ ಮೇಲೆ ಹೇರಬೇಡಿ, ಒಂದು ಮೂಟೆಯೇ 50 ಕೆಜಿ. ಅದಕ್ಕೆ ಪಿಕಪ್ ಇದೆ. ಏಣಿ, ಪೈಪು, ಖಾಲಿ ಚೀಲ, ಗಿಡದ ಟ್ರೇ ಇವಕ್ಕೆ ಕ್ಯಾರಿಯರ್.

ರೈಲು ಇರುವ ಸ್ಕಾರ್ಪಿಯೊ, ಡಸ್ಟರಿನಲ್ಲಿ ಮಕ್ಕಳು ಮರಿ ಕಟ್ಟಿಕೊಂಡು ಓಡಾಡುವ ಮನೆಯವರು ಬಾರ್ ಮತ್ತು ಬುಟ್ಟಿ ತಗೊಳ್ಳಿ. ಪ್ರವಾಸ ಮುಗಿದ ಮೇಲೆ ಬುಟ್ಟಿ ಬಿಚ್ಚಿಡುವ ಅಭ್ಯಾಸ ಮಾಡಿಕೊಳ್ಳಿ. ದುಡ್ಡು ಸ್ವಲ್ಪ ಹೆಚ್ಚು ಇದ್ದರೆ ಬುಟ್ಟಿಯ ಬದಲು ಮುಚ್ಚಳದ ರೂಫ್ ಬಾಕ್ಸ್ ನೋಡಿ, ನಮ್ಮ ಮಳೆಗೆ ಅದು ಬಹಳ ಹೊಂದುತ್ತದೆ. ಟಾರ್ಪಾಲು ಎಷ್ಟು ಬಿಗಿದರೂ ಆಗುಂಬೆಯ ಮಳೆ ಒಳಗೆ ನುಗ್ಗುತ್ತದೆ.

ತಿಂಗಳುಗಟ್ಟಲೆ ದೂರ ಹೋಗುವವರು, ಗಾಡಿಯಲ್ಲೇ ಮಲಗಿ ಏಳುವವರು, ದೊಡ್ಡ ಗಾಡಿ ಇರುವವರು ಅಲ್ಯೂಮಿನಿಯಂ ಪ್ಲಾಟ್‌ಫಾರ್ಮಿಗೆ ದುಡ್ಡು ಹಾಕಿ. ಅರ್ಧ ರೇಟಿನದಕ್ಕೆ ಮನಸ್ಸು ಹೋದರೆ ಒಂದು ವರ್ಷ ಕಾದು ದುಡ್ಡು ಕೂಡಿಸಿ. ತಾರ್‌ನವರು ಗಾಡಿಯ ಮೈಗೆ ಕಾಲು ಇಳಿಸುವ ಕ್ಯಾರಿಯರ್ ಸಿಗುವವರೆಗೆ ಏನೂ ಹಾಕಿಸದೆ ಇರುವುದು ಮೇಲು.

ಅಕ್ಕನ ಮಗನಿಗೆ ನಾನು ಹೇಳಿದ್ದು ಎರಡು ಅಲ್ಯೂಮಿನಿಯಂ ಬಾರ್, ಜೊತೆಗೆ ನೀರು ಹೋಗದ ಒಂದು ಮೆದು ಬ್ಯಾಗು. ಟೆಂಟು ಐದು ಕೆಜಿ, ಮಲಗುವ ಚೀಲ, ಚಾಪೆ, ಬಟ್ಟೆ ಸೇರಿ ಹದಿನೈದು. ಮಿತಿಯೊಳಗೆ ಆರಾಮಾಗಿ ಕೂತಿತು. ಪ್ಲಾಟ್‌ಫಾರ್ಮಿನ ಫೋಟೋ ಅವನಿಗೆ ಬಹಳ ಹಿಡಿಸಿತ್ತು. "ಮಾವ, ಅದು ಗಾಡಿಗೆ ಎಷ್ಟು ಚೆನ್ನಾಗಿ ಕಾಣುತ್ತೆ ಗೊತ್ತಾ?" ಅಂದ. ಚೆನ್ನಾಗಿ ಕಾಣುವುದು ಬೇಡ ಅಂತ ನಾನು ಹೇಳುವುದಿಲ್ಲ, ಪ್ರೀತಿಯಿಂದ ಇಟ್ಟುಕೊಂಡ ಗಾಡಿ ಅದು. ಇನ್ನೂ ಆಸೆ ಇದ್ದರೆ ಅದೇ ಬಾರ್ ಮೇಲೆ ಮುಂದೊಂದು ದಿನ ಅರ್ಧ ಉದ್ದದ ಹಗುರ ಪ್ಲಾಟ್‌ಫಾರ್ಮ್ ಕೂರಿಸಬಹುದು, ತೂಕ ಅಳೆದು ನೋಡಿ.

ಯಾವುದನ್ನೇ ಹಾಕಿಸಿದರೂ ನಟ್‌ಗಳು ನೈಲಾಕ್ (ಒಳಗೆ ನೈಲಾನ್ ಉಂಗುರ ಇರುವ ನಟ್) ಆಗಿರಲಿ, ಕುಲುಕಾಟಕ್ಕೆ ಸಡಿಲವಾಗುವುದಿಲ್ಲ. ಕಟ್ಟಲು ರ‍್ಯಾಚೆಟ್ ಪಟ್ಟಿ (ಹಿಡಿ ಆಡಿಸಿ ಬಿಗಿಯುವ ಪಟ್ಟಿ) ಇರಲಿ, ಪಟ್ಟಿಯನ್ನು ಒಂದು ಸಲ ತಿರುಚಿ ಕಟ್ಟಿದರೆ ಗಾಳಿಗೆ ಗುಂಯ್‌ಗುಡುವುದಿಲ್ಲ. ಮೊದಲ 50 ಕಿಲೋಮೀಟರ್ ಆದ ಕೂಡಲೇ ನಿಲ್ಲಿಸಿ ಎಲ್ಲ ಬೋಲ್ಟನ್ನೂ ಒಮ್ಮೆ ಬಿಗಿಯಿರಿ, ಕೆಟ್ಟ ದಾರಿಗೆ ಇಳಿಯುವ ಮೊದಲು ಇನ್ನೊಮ್ಮೆ. ಮಳೆಗಾಲ ಶುರುವಾಗುವ ಮೊದಲು, ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ಕ್ಯಾರಿಯರನ್ನು ಪೂರ್ತಿ ಬಿಚ್ಚಿ ಗಟರಿನ ಎಲೆ, ಮಣ್ಣು ತೆಗೆದು, ಪೇಂಟು ಎದ್ದಿದ್ದರೆ ಅಲ್ಲೇ ಹಚ್ಚಿ, ಹೊಸ ರಬ್ಬರ್ ಹಾಕಿ ಕೂರಿಸಿ.